ಮನೆಯಲ್ಲಿ ಗಾಲ್ಫ್ ಅಭ್ಯಾಸಕ್ಕೆ ಯಂತ್ರಗಳು: ಜಾಗ ಅಳೆಯುವುದರಿಂದ ಪಟಿಂಗ್‌ವರೆಗೆ

ಬೆಂಗಳೂರಿನಂಥ ಊರಲ್ಲಿ ಗಾಲ್ಫ್ ಕಲಿಯುವವರಿಗೆ ಚೆಂಡು ಹೊಡೆಯುವುದಕ್ಕಿಂತ, ಅಭ್ಯಾಸಕ್ಕೆಂದೇ ಇರುವ ಡ್ರೈವಿಂಗ್ ರೇಂಜ್‌ಗೆ ಹೋಗಿ ಬರುವುದೇ ದೊಡ್ಡ ಕೆಲಸ. ಟ್ರಾಫಿಕ್ ದಾಟಿ ಹೋಗಿ, ಒಂದು ಬಕೆಟ್ ಚೆಂಡು ಮುಗಿಸಿ ಮನೆಗೆ ಬರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಹಾಗಾಗಿ ಮನೆಯಲ್ಲೇ ನೆಟ್ ಕಟ್ಟೋಣ, ಚೆಂಡು ತಾನಾಗಿ ಬರುವ ಯಂತ್ರ ತರೋಣ, ಎಷ್ಟು ದೂರ ಹೋಯಿತು ಅಂತ ಫೋನಿನಲ್ಲೇ ನೋಡೋಣ ಎಂಬ ಆಸೆ ಬರುತ್ತದೆ. ಅದು ಒಳ್ಳೆಯ ಆಸೆಯೇ. ಅದನ್ನು ಸರಿಯಾದ ಕ್ರಮದಲ್ಲಿ ಮಾಡುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಈ ಯಂತ್ರಗಳು ಎರಡು ಕೆಲಸಗಳನ್ನು ಚೆನ್ನಾಗಿ ಮಾಡುತ್ತವೆ. ಚೆಂಡು ತಂದಿಡುತ್ತವೆ, ಹೊಡೆದ ಮೇಲೆ ಏನಾಯಿತು ಎಂದು ಹೇಳುತ್ತವೆ. ಎಲ್ಲಿಗೆ ಹೊಡೆಯಬೇಕು, ಯಾವ ಕ್ಲಬ್ (ಹೊಡೆಯುವ ಕೋಲು) ತೆಗೆಯಬೇಕು, ಎಷ್ಟು ಹೊತ್ತು ನಿಂತು ಯೋಚಿಸಬೇಕು ಎಂಬ ಮೂರನೆಯ ಕೆಲಸ ಮಾತ್ರ ನಿಮ್ಮ ಹತ್ತಿರವೇ ಇರಬೇಕು. ಮುಂದೆ ಹೇಳುವ ಬಹಳಷ್ಟು ಸಲಹೆಗಳು ಈ ಮೂರನೆಯ ಕೆಲಸವನ್ನು ಯಂತ್ರದ ಕೈಗೆ ಬಿಡದಿರುವುದಕ್ಕಾಗಿಯೇ ಇವೆ.

ಯಾವ ಯಂತ್ರ ಏನು ಮಾಡುತ್ತದೆ

ಆಟೋ ಟೀ ಜಪಾನಿನ ಬಹುಮಹಡಿ ಡ್ರೈವಿಂಗ್ ರೇಂಜ್‌ಗಳಲ್ಲಿ ಮಾಮೂಲು. ಮ್ಯಾಟಿನ ಕೆಳಗೆ ಚೆಂಡು ತುಂಬಿದ ತೊಟ್ಟಿ ಇರುತ್ತದೆ. ಚೆಂಡು ಕೂರಿಸುವ ಗೂಟ, ಅಂದರೆ ಟೀ, ಕೆಳಗಿಳಿದು ಒಂದು ಚೆಂಡು ಹೊತ್ತುಕೊಂಡು ಮೇಲೆ ಬರುತ್ತದೆ. ನೀವು ಹೊಡೆದ ಕೂಡಲೇ ಮತ್ತೆ ಇಳಿಯುತ್ತದೆ. ಎತ್ತರವನ್ನು ಬಟನ್ ಒತ್ತಿ ಹೊಂದಿಸಬಹುದು. ಆದರೆ ಇದಕ್ಕೆ ನೆಲ ಅಗೆಯಬೇಕು, ಇಲ್ಲವೇ ಕಟ್ಟೆಯಂತೆ ವೇದಿಕೆ ಎತ್ತರಿಸಬೇಕು. ಮನೆಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮನೆಗೆ ಸರಿಹೋಗುವುದು ಬಾಲ್ ಡಿಸ್ಪೆನ್ಸರ್. ಒಂದು ಪೆಟ್ಟಿಗೆಯ ತುಂಬ ಚೆಂಡು, ಮುಂದೆ ಒಂದು ಸಣ್ಣ ಸನ್ನೆ (ಲಿವರ್). ಕ್ಲಬ್ಬಿನ ತಲೆಯಿಂದ ಸನ್ನೆ ತಟ್ಟಿದರೆ ಒಂದು ಚೆಂಡು ಉರುಳಿ ಮ್ಯಾಟಿಗೆ ಬರುತ್ತದೆ. ಕರೆಂಟ್ ಬೇಕಿಲ್ಲ, ಕೆಡುವುದೂ ಕಡಿಮೆ. ಸೆನ್ಸರ್ ಇರುವ ಕರೆಂಟಿನ ಮಾದರಿಗಳೂ ಇವೆ. ಅವು ಚೆಂಡು ಹೋದ ತಕ್ಷಣ ಇನ್ನೊಂದನ್ನು ತಳ್ಳುತ್ತವೆ. ನಾನು ಸನ್ನೆಯದನ್ನೇ ಹೇಳುತ್ತೇನೆ. ಕಾರಣ ಮುಂದೆ ಬರುತ್ತದೆ.

ಲಾಂಚ್ ಮಾನಿಟರ್ ಅಳೆಯುವ ಯಂತ್ರ. ಚೆಂಡಿನ ವೇಗ, ಎದ್ದ ಕೋನ, ತಿರುಗುವ ವೇಗ ನೋಡಿ ಎಷ್ಟು ದೂರ ಹೋಗಿ ಬಿತ್ತು ಎಂದು ಹೇಳುತ್ತದೆ. ಇದಕ್ಕೆ ಪರದೆ, ಪ್ರೊಜೆಕ್ಟರ್, ಸಾಫ್ಟ್‌ವೇರ್ ಸೇರಿಸಿದರೆ ಅದೇ ಸಿಮ್ಯುಲೇಟರ್. ದಕ್ಷಿಣ ಕೊರಿಯಾದಲ್ಲಿ ಇದು ಒಂದು ದೊಡ್ಡ ಉದ್ಯಮ. ಅಲ್ಲಿನ ಗಾಲ್ಫ್‌ಝೋನ್ ಕಂಪನಿ ಶುರುವಾದದ್ದು 2000ದಲ್ಲಿ. ಗಾಲ್ಫ್ ಕೋರ್ಸಿಗೆ ಹೋಗಲಾಗದವರು ಅಲ್ಲಿ ಕೋಣೆಯೊಳಗೇ ಹದಿನೆಂಟು ಹೋಲ್ ಆಡಿ ಮುಗಿಸುತ್ತಾರೆ.

ಇನ್ನೊಂದು ಯಂತ್ರವಿದೆ, ಅದು ನಮಗೆ ಬೇಕಾದದ್ದಲ್ಲ. ಆದರೂ ಹೇಳದೆ ಇರಲಾರೆ. ಅಮೆರಿಕದಲ್ಲಿ ಐರನ್ ಬೈರನ್ ಎಂಬ ಸ್ವಿಂಗ್ ಮಾಡುವ, ಅಂದರೆ ಕ್ಲಬ್ ಬೀಸುವ ಯಂತ್ರ ಕಟ್ಟಿದರು. ಬೈರನ್ ನೆಲ್ಸನ್ ಎಂಬ ಆಟಗಾರನ ಸ್ವಿಂಗ್ ಅಷ್ಟು ಒಂದೇ ಸಮನಾಗಿತ್ತು ಎಂಬ ಕಾರಣಕ್ಕೆ ಆ ಹೆಸರು. ಚೆಂಡು, ಕ್ಲಬ್ ಪರೀಕ್ಷೆ ಮಾಡಲು ಅದನ್ನು ಬಳಸುತ್ತಿದ್ದರು. ಸಾವಿರ ಸಲ ಹೊಡೆದರೂ ಒಂದೇ ಥರ ಹೊಡೆಯುವುದು ಅದರ ಕೆಲಸ. ನಮ್ಮ ಅಭ್ಯಾಸದ ಗುರಿ ಬೇರೆ. ಪ್ರತಿ ಸಲ ಬೇರೆ ದೂರ, ಬೇರೆ ನೆಲ, ಬೇರೆ ಗಾಳಿಗೆ ಹೊಂದಿಕೊಂಡು ಹೊಡೆಯುವುದನ್ನು ನಾವು ಕಲಿಯಬೇಕು.

1. ಜಾಗ ಅಳೆಯಿರಿ

ಎತ್ತರ, ಅಗಲ, ಆಳ ಮೂರನ್ನೂ ಟೇಪ್ ಹಿಡಿದು ಅಳೆಯಿರಿ. ಅತಿ ಉದ್ದದ ಕ್ಲಬ್ಬಾದ ಡ್ರೈವರ್ ಬೀಸಲು ಹೆಚ್ಚಿನವರಿಗೆ ಸುಮಾರು 10 ಅಡಿ ಎತ್ತರ ಬೇಕು. ಎತ್ತರದ ಆಳಾದರೆ ಇನ್ನೂ ಜಾಸ್ತಿ. ನಮ್ಮ ಮನೆಗಳ ಚಾವಣಿ ಒಂಬತ್ತೂವರೆ, ಹತ್ತು ಅಡಿ ಇರುತ್ತದೆ, ಅದರಲ್ಲಿ ಫ್ಯಾನ್ ಬೇರೆ ನೇತಾಡುತ್ತದೆ. ಫ್ಯಾನ್ ಬಿಚ್ಚಿಯೇ ಅಳೆಯಿರಿ. ಆಮೇಲೆ ಚೆಂಡಿಲ್ಲದೆ, ನಿಧಾನವಾಗಿ, ಪಕ್ಕದಲ್ಲಿ ಇನ್ನೊಬ್ಬರನ್ನು ದೂರ ನಿಲ್ಲಿಸಿ ಗಮನಿಸಲು ಹೇಳಿ ಡ್ರೈವರ್ ಬೀಸಿ ನೋಡಿ. ಚಾವಣಿಗೂ ಕ್ಲಬ್ಬಿಗೂ ಒಂದು ಗೇಣಿಗಿಂತ ಕಡಿಮೆ ಉಳಿದರೆ ಆ ಕೋಣೆಯಲ್ಲಿ ಡ್ರೈವರ್ ಬೇಡ. ತಗುಲುತ್ತದೆ ಎಂಬ ಭಯ ಇದ್ದರೆ ಮೈ ತಾನಾಗಿ ಸ್ವಿಂಗ್ ಬದಲಿಸುತ್ತದೆ. ಆ ಕೆಟ್ಟ ಅಭ್ಯಾಸ ಕೋರ್ಸಿಗೂ ಬರುತ್ತದೆ. ಡ್ರೈವರಿಗಿಂತ ಗಿಡ್ಡನೆಯ ಕ್ಲಬ್ಬುಗಳಾದ ಐರನ್‌ಗಳನ್ನಷ್ಟೇ ಅಭ್ಯಾಸ ಮಾಡಿ, ಅದೇ ಸಾಕಷ್ಟು ಕೆಲಸ.

ಅಗಲ 10 ಅಡಿಯಾದರೂ ಬೇಕು. ಎಡಗೈ, ಬಲಗೈ ಆಟಗಾರರಿಬ್ಬರೂ ಒಂದೇ ಜಾಗ ಬಳಸುವುದಾದರೆ 14–15 ಅಡಿ. ಆಳ ಎಷ್ಟು ಬೇಕು ಎಂಬುದು ನೀವು ಕೊಳ್ಳುವ ಮಾನಿಟರ್ ಮೇಲೆ ನಿಂತಿದೆ. ಆದ್ದರಿಂದ ಜಾಗ ಅಳೆಯದೆ ಮಾನಿಟರ್ ಆರ್ಡರ್ ಮಾಡಬೇಡಿ.

ಟೆರೇಸ್ ಮೇಲೆ ಹಾಕುವವರಿಗೆ ಬೇರೆಯೇ ಮಾತು. ಅಲ್ಲಿ ಎತ್ತರದ ತೊಂದರೆ ಇಲ್ಲ, ಆದರೆ ಪ್ಯಾರಾಪೆಟ್ ಆಚೆ ಬೇರೆಯವರ ಮನೆ ಇದೆ. ಕ್ಲಬ್ ಗಂಟೆಗೆ 145 ಕಿ.ಮೀ. ವೇಗದಲ್ಲಿ ಬೀಸಿದರೆ ಚೆಂಡು 215 ಕಿ.ಮೀ. ಹತ್ತಿರ ಹೋಗಬಲ್ಲದು. 45 ಗ್ರಾಂ ತೂಕದ ಗಟ್ಟಿ ಚೆಂಡು ಆ ವೇಗದಲ್ಲಿ ಒಬ್ಬರ ತಲೆಗೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮುಂದೆ, ಎರಡೂ ಪಕ್ಕ, ಮೇಲೆ, ನಾಲ್ಕೂ ಕಡೆ ನೆಟ್ ಮುಚ್ಚದೆ ಟೆರೇಸ್‌ನಲ್ಲಿ ಒಂದು ಚೆಂಡೂ ಹೊಡೆಯಬೇಡಿ. ಶ್ಯಾಂಕ್ ಆದ, ಅಂದರೆ ಕ್ಲಬ್ಬಿನ ಮುಖದ ಬದಲು ಕೋಲು ಸೇರುವ ಜಾಗಕ್ಕೆ ತಗುಲಿದ ಚೆಂಡು ನೇರ ಮುಂದೆ ಹೋಗುವುದಿಲ್ಲ, ಅಡ್ಡ ಹಾರುತ್ತದೆ. ಮುಂದಿನ ನೆಟ್ ಅದನ್ನು ತಡೆಯುವುದಿಲ್ಲ.

2. ನೆಟ್ ಮತ್ತು ಮ್ಯಾಟ್

ದುಡ್ಡು ಕಡಿಮೆ ಇದ್ದರೆ ಮಾನಿಟರ್‌ನಲ್ಲಿ ಉಳಿಸಿ, ಇವೆರಡರಲ್ಲಿ ಉಳಿಸಬೇಡಿ.

ನಮ್ಮ ಊರಲ್ಲಿ ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿ ನೆಟ್ ಕೇಳಿದರೆ ಮೊದಲು ತೋರಿಸುವುದು ಕ್ರಿಕೆಟ್ ನೆಟ್. ಅದನ್ನು ತರಬೇಡಿ. ಕ್ರಿಕೆಟ್ ಚೆಂಡು ಏಳು ಸೆಂಟಿಮೀಟರ್ ದಾಟಿದ ದಪ್ಪ, ಗಾಲ್ಫ್ ಚೆಂಡು 4.27 ಸೆಂಟಿಮೀಟರ್. ಕ್ರಿಕೆಟ್ ನೆಟ್ಟಿನ ಕಣ್ಣಿನಲ್ಲಿ ಅದು ನುಸುಳಿ ಹೋಗಬಹುದು. ಅಂಗಡಿಗೆ ಜೇಬಿನಲ್ಲಿ ಒಂದು ಗಾಲ್ಫ್ ಚೆಂಡು ಹಾಕಿಕೊಂಡು ಹೋಗಿ. ನೆಟ್ಟಿನ ಕಣ್ಣಿಗೆ ಇಟ್ಟು ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಅರ್ಧಕ್ಕಿಂತ ಹೆಚ್ಚು ಒಳಗೆ ಹೋದರೆ ಬೇಡ. 20–25 ಮಿಲಿಮೀಟರ್ ಕಣ್ಣಿನ ನೆಟ್ ಒಳ್ಳೆಯದು.

ನೆಟ್ಟನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಬಿಗಿ ನೆಟ್ ಚೆಂಡನ್ನು ವಾಪಸ್ ನಿಮ್ಮ ಮೇಲೇ ಎಸೆಯುತ್ತದೆ. ಸಡಿಲವಾಗಿ ಇಳಿಬಿಟ್ಟರೆ ಚೆಂಡು ತಾಗಿ ಅಲ್ಲೇ ಕೆಳಗೆ ಬೀಳುತ್ತದೆ. ನೆಟ್ಟಿನ ಹಿಂದೆ ಗೋಡೆ ಇದ್ದರೆ ಎರಡಡಿಯಾದರೂ ಜಾಗ ಬಿಡಿ. ಚೌಕಟ್ಟಿನ ಕಬ್ಬಿಣದ ಪೈಪ್‌ಗೆ ಫೋಮ್ ಸುತ್ತಿ, ಪೈಪಿಗೆ ಬಡಿದ ಚೆಂಡು ತುಂಬಾ ಜೋರಾಗಿ ತಿರುಗಿ ಬರುತ್ತದೆ. ಟೆರೇಸ್ ಬಿಸಿಲಿಗೆ ನೆಟ್ ನೂಲು ಕೊಳೆಯುತ್ತಾ ಹೋಗುತ್ತದೆ. ಚೆಂಡು ಹೆಚ್ಚು ಬೀಳುವ ನಡುಭಾಗವನ್ನು ಆಗಾಗ ಕೈಯಿಂದ ಎಳೆದು ನೋಡಿ.

ಇನ್ನು ಮ್ಯಾಟ್. ಕಾಂಕ್ರೀಟ್ ಮೇಲೆ ತೆಳ್ಳನೆಯ ಹುಲ್ಲುಮ್ಯಾಟ್ ಹಾಸಿ ದಿನಾ ಐರನ್ ಹೊಡೆದರೆ ಮಣಿಕಟ್ಟು, ಮೊಣಕೈ ನೋಯಲು ಶುರುವಾಗುತ್ತದೆ. ಆ ನೋವು ಬಂದರೆ ತಿಂಗಳುಗಟ್ಟಲೆ ಕೂರಿಸಿಬಿಡುತ್ತದೆ. ದಪ್ಪ ಫೋಮ್ ಇರುವ, ಕ್ಲಬ್ ಸ್ವಲ್ಪ ಒಳಗಿಳಿಯಲು ಬಿಡುವ ಮ್ಯಾಟ್ ತನ್ನಿ. ನಿಲ್ಲುವ ಜಾಗವೂ ಅಷ್ಟೇ ಎತ್ತರ ಇರಬೇಕು. ಚೆಂಡು ಕಾಲಿಗಿಂತ ಒಂದಿಂಚು ಮೇಲಿದ್ದರೂ ಸ್ವಿಂಗ್ ಬದಲಾಗುತ್ತದೆ.

ಮ್ಯಾಟಿನಲ್ಲಿ ಇನ್ನೊಂದು ಮೋಸ ಇದೆ. ಹುಲ್ಲಿನ ಮೇಲೆ ಚೆಂಡಿನ ಹಿಂದೆ ನೆಲ ಹೊಡೆದರೆ ಕ್ಲಬ್ ಮಣ್ಣಲ್ಲಿ ಸಿಕ್ಕಿ ಚೆಂಡು ಅರ್ಧ ದೂರವೂ ಹೋಗುವುದಿಲ್ಲ. ಮ್ಯಾಟಿನ ಮೇಲೆ ಕ್ಲಬ್ ಜಾರಿ ಮುಂದೆ ಬಂದು ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಮಾನಿಟರ್ ಕೂಡ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಇದನ್ನು ಹಿಡಿಯಲು ಚೆಂಡಿನ ಹಿಂದೆ ನಾಲ್ಕು ಇಂಚು ಬಿಟ್ಟು ಮಡಚಿದ ಟವೆಲ್ ಇಡಿ. ಟವೆಲ್ ಹಾರಿದರೆ, ಪರದೆಯ ಮೇಲೆ ಅಂಕಿ ಎಷ್ಟೇ ಚೆನ್ನಾಗಿರಲಿ, ಆ ಶಾಟ್ ಲೆಕ್ಕಕ್ಕಿಲ್ಲ.

3. ಮಾನಿಟರ್ ಆರಿಸಿ, ಕೂರಿಸಿ

ಮಾನಿಟರ್‌ಗಳಲ್ಲಿ ಎರಡು ಜಾತಿ. ರೇಡಾರ್‌ನವು ಚೆಂಡಿನ ಹಿಂದೆ ಕೂರುತ್ತವೆ, ಚೆಂಡು ಹಾರುವುದನ್ನು ಹಿಂಬಾಲಿಸುತ್ತವೆ. ಡೆನ್ಮಾರ್ಕಿನ ಟ್ರ್ಯಾಕ್‌ಮನ್ ಇದರಲ್ಲಿ ದೊಡ್ಡ ಹೆಸರು, ವೃತ್ತಿಪರರು ಬಳಸುವುದು. ಅದರ ಬೆಲೆ ಕಾರಿನ ಬೆಲೆ. ಗಾರ್ಮಿನ್ ಆರ್10 2021ರಲ್ಲಿ 600 ಡಾಲರ್‌ಗೆ ಬಂದ ಮೇಲೆ ರೇಡಾರ್ ಮನೆಗೂ ಬಂತು. ಕ್ಯಾಮೆರಾದವು ಚೆಂಡಿನ ಪಕ್ಕದಲ್ಲಿ ಕೂತು, ಹೊಡೆದ ಮೊದಲ ಕ್ಷಣದ ಚಿತ್ರಗಳಿಂದ ಲೆಕ್ಕ ಹಾಕುತ್ತವೆ. ಸ್ಕೈಟ್ರ್ಯಾಕ್, ಫೋರ್‌ಸೈಟ್ ಕಂಪನಿಯ ಯಂತ್ರಗಳು ಈ ಜಾತಿ.

ಜಾಗ ಚಿಕ್ಕದಾದರೆ ಕ್ಯಾಮೆರಾ, ಹೊರಗಡೆಯೂ ಬಳಸುವುದಾದರೆ ರೇಡಾರ್. ರೇಡಾರ್‌ಗೆ ಚೆಂಡಿನ ಹಿಂದೆ 6–8 ಅಡಿ, ಮುಂದೆ ನೆಟ್ಟಿನ ತನಕ ಕನಿಷ್ಠ 8 ಅಡಿ ಬೇಕು. ಅಂದರೆ ಒಟ್ಟು 14–16 ಅಡಿಯಾದರೂ ಬೇಕು. ಅಷ್ಟು ಚಿಕ್ಕ ಹಾರಾಟದಲ್ಲಿ ಚೆಂಡಿನ ತಿರುಗುವಿಕೆಯನ್ನು ಅಗ್ಗದ ರೇಡಾರ್ ನೇರವಾಗಿ ಅಳೆಯುವುದು ಕಷ್ಟ, ಅಂದಾಜು ಹಾಕುತ್ತದೆ. ಟೈಟ್ಲಿಸ್ಟ್ ಆರ್‌ಸಿಟಿಯಂಥ, ರೇಡಾರ್‌ಗೆ ಕಾಣುವ ಗುರುತಿರುವ ಚೆಂಡು ಬಳಸಿದರೆ ಇದು ಸುಧಾರಿಸುತ್ತದೆ. ಕ್ಯಾಮೆರಾದವಕ್ಕೆ ನೇರ ಬಿಸಿಲು ಆಗದು. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಆ್ಯಪ್‌ಗೆ ವರ್ಷ ವರ್ಷ ಎಷ್ಟು ಕಟ್ಟಬೇಕು? ಚಂದಾ ಕಟ್ಟದಿದ್ದರೆ ಯಾವ ಅಂಕಿ ಕಾಣುವುದಿಲ್ಲ? ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರುತ್ತದೆ. ಕೆಟ್ಟರೆ ರಿಪೇರಿ ಎಲ್ಲಿ ಎಂದೂ ಮೊದಲೇ ಕೇಳಿ. ಸಾಧ್ಯವಾದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಸಿಮ್ಯುಲೇಟರ್‌ನಲ್ಲಿ ಒಮ್ಮೆ ಆಡಿ ನೋಡಿ, ಆಮೇಲೆ ದುಡ್ಡು ಹಾಕಿ.

ಕೂರಿಸುವಾಗ ಗಾರೆ ಕೆಲಸದವರ ಎರಡು ಸಾಮಾನು ಬೇಕು, ರಸಮಟ್ಟ ಮತ್ತು ದಾರ. ಟೆರೇಸ್ ನೆಲ ಮಳೆನೀರು ಹರಿಯಲೆಂದು ಒಂದು ಕಡೆಗೆ ಇಳಿಜಾರಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಾನಿಟರ್‌ಗೆ ಗೊತ್ತಾಗುತ್ತದೆ. ಮ್ಯಾಟ್ ಮತ್ತು ಮಾನಿಟರ್ ಎರಡನ್ನೂ ರಸಮಟ್ಟ ಇಟ್ಟು ಸರಿ ಮಾಡಿ. ಆಮೇಲೆ ನೆಟ್ಟಿನ ನಡುವೆ ಗುರಿಯೊಂದು ಕಟ್ಟಿ, ಅಲ್ಲಿಂದ ಚೆಂಡಿನ ಮೇಲೆ ಹಾದು ಹಿಂದಕ್ಕೆ ದಾರ ಎಳೆಯಿರಿ. ರೇಡಾರ್ ಆದರೆ ಆ ದಾರದ ಮೇಲೆಯೇ ಕೂರಬೇಕು, ಮುಖ ಗುರಿಯ ಕಡೆ. ಎರಡು ಡಿಗ್ರಿ ವಾರೆಯಾದರೆ 150 ಯಾರ್ಡ್‌ನಲ್ಲಿ ಐದು ಯಾರ್ಡ್ ಅಡ್ಡ ತೋರಿಸುತ್ತದೆ. ಆಗ ಇಲ್ಲದ ತಪ್ಪನ್ನು ತಿದ್ದಲು ಹೋಗಿ ಸರಿಯಿದ್ದ ಸ್ವಿಂಗ್ ಕೆಡುತ್ತದೆ. ದಾರ ತೆಗೆಯುವ ಮುಂಚೆ ನೆಲದ ಮೇಲೆ ಪೇಂಟ್ ಗುರುತು ಹಾಕಿಬಿಡಿ, ದಿನಾ ಎಳೆಯುವ ಕೆಲಸ ತಪ್ಪುತ್ತದೆ.

ಎತ್ತರದ ಲೆಕ್ಕ ನಮ್ಮವರಿಗೆ ತುಂಬಾ ಮುಖ್ಯ. ಎತ್ತರದಲ್ಲಿ ಗಾಳಿ ತೆಳ್ಳಗಾಗಿ ಚೆಂಡು ಜಾಸ್ತಿ ಹೋಗುತ್ತದೆ. ಸಾವಿರ ಅಡಿಗೆ ಹೆಚ್ಚೂಕಡಿಮೆ ಶೇ. 1.2ರಷ್ಟು. ಬೆಂಗಳೂರು ಸುಮಾರು 3,000 ಅಡಿ ಮೇಲಿದೆ. ಅಂದರೆ ಮಂಗಳೂರಿನ ಪಿಲಿಕುಳದಲ್ಲಿ 150 ಯಾರ್ಡ್ ಹೋಗುವ ಶಾಟ್ ಬೆಂಗಳೂರಿನಲ್ಲಿ 155 ಯಾರ್ಡ್ ಹೋಗುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದೆರಡು ಯಾರ್ಡ್ ಸೇರಿಸಿ. ನೆಟ್ಟಿನೊಳಗೆ ಹೊಡೆದ ಚೆಂಡಿನ ದೂರವನ್ನು ಯಂತ್ರ ಲೆಕ್ಕ ಹಾಕಿ ಹೇಳುತ್ತದೆ, ಆ ಲೆಕ್ಕಕ್ಕೆ ಎತ್ತರ ಬೇಕು. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎತ್ತರ, ತಾಪಮಾನ ಹಾಕುವ ಜಾಗ ಹುಡುಕಿ. ಅದು ಸಮುದ್ರಮಟ್ಟಕ್ಕೇ ಇಟ್ಟಿದ್ದರೆ ನಿಮ್ಮ ಪ್ರತಿ ಕ್ಲಬ್ಬಿನ ದೂರವೂ ಕಡಿಮೆ ಕಾಣುತ್ತದೆ. ಕೋರ್ಸಿನಲ್ಲಿ ಹೋಲ್ ಸುತ್ತಲಿನ ಗ್ರೀನ್ ದಾಟಿ ಆಚೆ ಬೀಳುತ್ತೀರಿ.

4. ಯಾವ ಅಂಕಿ ನೋಡಬೇಕು

ಪರದೆಯ ಮೇಲೆ ಹತ್ತಿಪ್ಪತ್ತು ಅಂಕಿ ಬರುತ್ತವೆ. ಮೊದಲ ಕೆಲವು ತಿಂಗಳು ಮೂರು ಸಾಕು: ಕ್ಯಾರಿ, ಅಂದರೆ ಚೆಂಡು ಗಾಳಿಯಲ್ಲಿ ಹೋದ ದೂರ, ಹೊರಟ ದಿಕ್ಕು, ಸ್ಮ್ಯಾಶ್ ಫ್ಯಾಕ್ಟರ್. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಸ್ಮ್ಯಾಶ್ ಫ್ಯಾಕ್ಟರ್ ಸಿಗುತ್ತದೆ. ಡ್ರೈವರ್‌ನಲ್ಲಿ 1.5 ಹತ್ತಿರ ಬಂದರೆ ಅದಕ್ಕಿಂತ ಚೆನ್ನಾಗಿ ಹೊಡೆಯಲು ಆಗುವುದಿಲ್ಲ. 1.35 ಬಂದರೆ ಚೆಂಡು ಕ್ಲಬ್ಬಿನ ನಡುವೆ ತಗುಲುತ್ತಿಲ್ಲ. ಎಲ್ಲಿ ತಗುಲುತ್ತಿದೆ ಎಂದು ನೋಡಲು ದುಬಾರಿ ಯಂತ್ರ ಬೇಕಿಲ್ಲ. ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಇಟ್ಟು ಹೊಡೆಯಿರಿ, ಕ್ಲಬ್ಬಿನ ಮುಖದ ಮೇಲೆ ಗುರುತು ಬೀಳುತ್ತದೆ.

ದಿಕ್ಕಿನ ಬಗ್ಗೆ ಒಂದು ವಿಷಯ ತಿಳಿದಿರಲಿ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಕ್ಲಬ್ಬಿನ ಮುಖ ತೋರುವ ಕಡೆ. ಮುಖಕ್ಕೂ ಸ್ವಿಂಗ್ ಹೋದ ದಾರಿಗೂ ಇರುವ ವ್ಯತ್ಯಾಸದಿಂದ ಚೆಂಡು ಬಾಗುತ್ತದೆ. ಬಲಗೈ ಆಟಗಾರನ ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ, ಮುಖ ಎಡಕ್ಕಿದೆ, ಸ್ವಿಂಗ್ ಅದಕ್ಕಿಂತಲೂ ಎಡಕ್ಕೆ ಹೋಗುತ್ತಿದೆ. ಹೀಗೆ ಬಲಕ್ಕೆ ಬಾಗುವ ಸ್ಲೈಸ್ ಹೊಡೆಯುವವರು ಸುಮ್ನೆ ಇನ್ನಷ್ಟು ಎಡಕ್ಕೆ ಗುರಿಯಿಟ್ಟು ಸ್ಲೈಸ್ ಜಾಸ್ತಿ ಮಾಡಿಕೊಳ್ಳುತ್ತಾರಲ್ಲ, ಅದರ ಕಾರಣ ಇಲ್ಲಿದೆ.

5. ಅಭ್ಯಾಸದ ಕ್ರಮ

ಚೆಂಡು ಹಾಕುವ ಯಂತ್ರ ಇದ್ದರೆ ಹತ್ತು ನಿಮಿಷದಲ್ಲಿ ಐವತ್ತು ಚೆಂಡು ಹೊಡೆಯಬಹುದು. ಮೈ ಬೆವರುತ್ತದೆ, ಖುಷಿಯಾಗುತ್ತದೆ. ಆದರೆ ಕೋರ್ಸಿನಲ್ಲಿ ಒಂದೇ ಕ್ಲಬ್ಬಿನಿಂದ ಒಂದರ ಹಿಂದೊಂದು ಐವತ್ತು ಶಾಟ್ ಯಾರೂ ಹೊಡೆಯುವುದಿಲ್ಲ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈ ಚಲನೆಯ ಅಭ್ಯಾಸದ ಮೇಲೆ ಪ್ರಯೋಗ ಮಾಡಿದರು. ಒಂದನ್ನೇ ಸತತ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಬೇರೆ ಬೇರೆ ಬೆರೆಸಿ ಮಾಡಿದವರು ಆಮೇಲೆ ಪರೀಕ್ಷಿಸಿದಾಗ ಮುಂದಿದ್ದರು. ನಾನು ಸನ್ನೆಯ ಡಿಸ್ಪೆನ್ಸರ್ ಹೇಳಿದ್ದು ಇದಕ್ಕೇ. ಮುಂದಿನ ಚೆಂಡು ಯಾವಾಗ ಬರಬೇಕು ಎಂದು ನೀವೇ ಹೇಳುತ್ತೀರಿ. ಸೆನ್ಸರ್‌ನದು ಚೆಂಡು ಮುಂದಿಟ್ಟು ಹೊಡಿ ಹೊಡಿ ಅನ್ನುತ್ತದೆ.

ಒಂದು ಅಭ್ಯಾಸ ಹೀಗಿರಲಿ. ಮೊದಲು ಮೈ ಬಿಸಿ ಮಾಡಿಕೊಳ್ಳಿ, ಗಿಡ್ಡ ಕ್ಲಬ್ಬಾದ ಸ್ಯಾಂಡ್ ವೆಜ್‌ನಿಂದ ಅರ್ಧ ಸ್ವಿಂಗ್ ಕೆಲವು ಚೆಂಡು. ಆಮೇಲೆ ತಿದ್ದಬೇಕಾದ ಒಂದೇ ವಿಷಯ ಆರಿಸಿ, ಒಂದೇ ಐರನ್‌ನಲ್ಲಿ ಸುಮಾರು ಇಪ್ಪತ್ತು ಚೆಂಡು. ಇಲ್ಲಿ ಅಂಕಿ ನೋಡಿಕೊಂಡು ಹೊಡೆಯಬಹುದು. ಅದಾದ ಮೇಲೆ ಫೋನ್ ಮಗುಚಿಡಿ. ಪ್ರತಿ ಚೆಂಡಿಗೂ ಕ್ಲಬ್ ಬದಲಿಸಿ, ಹಿಂದೆ ಬಂದು ನಿಂತು ಗುರಿ ನೋಡಿ, ಒಂದು ಸಲ ಚೆಂಡಿಲ್ಲದೆ ಬೀಸಿ, ಆಮೇಲೆ ಹೊಡೆಯಿರಿ. ಹೊಡೆದ ಕೂಡಲೇ ಜೋರಾಗಿ ಹೇಳಿ: "145, ಸ್ವಲ್ಪ ಬಲಕ್ಕೆ." ಆಮೇಲೆ ಫೋನ್ ತಿರುಗಿಸಿ ನೋಡಿ. ಈ ಊಹೆಯೇ ಅಭ್ಯಾಸದ ಜೀವ. ಯಂತ್ರ ಹೇಳುವ ಮುಂಚೆ ಕೈಗೆ ಗೊತ್ತಾಗಬೇಕು. ದಿನ ಕಳೆದಂತೆ ನಿಮ್ಮ ಊಹೆ ಮತ್ತು ಅಂಕಿ ಹತ್ತಿರ ಬರುತ್ತವೆ. ಹತ್ತಿರ ಬರದಿದ್ದರೆ ನೀವು ಚೆಂಡಿನ ಕಡೆಗಿಂತ ಪರದೆಯ ಕಡೆ ಜಾಸ್ತಿ ನೋಡುತ್ತಿದ್ದೀರಿ.

ಕ್ಲಬ್ಬುಗಳ ದೂರದ ಪಟ್ಟಿ ಮಾಡುವಾಗ ಪ್ರತಿ ಕ್ಲಬ್ಬಿಗೆ ಹತ್ತು ಚೆಂಡು ಹೊಡೆದು, ಅತಿ ದೂರದ್ದನ್ನೂ ಅತಿ ಹತ್ತಿರದ್ದನ್ನೂ ಬಿಟ್ಟು ಉಳಿದದ್ದರ ಸರಾಸರಿ ಬರೆದುಕೊಳ್ಳಿ. ರೇಂಜಿನ ಹಳೆಯ ಚೆಂಡಿನಲ್ಲಿ ಈ ಪಟ್ಟಿ ಮಾಡಬೇಡಿ. ನೀವು ಆಡುವ ಚೆಂಡಿನಲ್ಲೇ ಮಾಡಿ.

6. ಪಟಿಂಗ್ ಮರೆಯಬೇಡಿ

ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಕಂಚಿಗೆ ಒಂದೇ ಶಾಟ್ ಕಡಿಮೆ. ಡ್ರೈವಿಂಗ್ ದೂರದಲ್ಲಿ ಅವರು ಎಲ್ಲರಿಗಿಂತ ಹಿಂದಿನವರ ಸಾಲಿನಲ್ಲಿದ್ದರು. ಅವರನ್ನು ಮುಂದೆ ತಂದದ್ದು ಪಟರ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಹೋಲ್ ಕಡೆ ಉರುಳಿಸುವ ಕ್ಲಬ್. ಮನೆಯಲ್ಲಿ ಅತಿ ಕಡಿಮೆ ದುಡ್ಡಿಗೆ, ಅತಿ ಚಿಕ್ಕ ಜಾಗದಲ್ಲಿ, ಯಾರಿಗೂ ಅಪಾಯವಿಲ್ಲದೆ ಮಾಡಬಹುದಾದ ಅಭ್ಯಾಸವೂ ಇದೇ.

ಇದಕ್ಕೆ ಬ್ಯಾಟರಿಯ ಪಟಿಂಗ್ ಕಪ್ ಸಿಗುತ್ತದೆ. ಚೆಂಡು ಒಳಗೆ ಬಿದ್ದರೆ ಅದರ ತೂಕಕ್ಕೆ ಸ್ವಿಚ್ ಒತ್ತಿ, ಒಳಗಿನ ತಳ್ಳುಗೋಲು ಚೆಂಡನ್ನು ವಾಪಸ್ ಕಳಿಸುತ್ತದೆ. ಬಗ್ಗಿ ಎತ್ತುವ ಕೆಲಸ ಇಲ್ಲ. ಆದರೆ ಬಾಯಿಯಲ್ಲಿ ಸಣ್ಣ ಏರು ಇರುತ್ತದೆ, ಅದನ್ನು ಹತ್ತಿಸಲು ಜೋರಾಗಿ ಹೊಡೆಯುವುದು ಅಭ್ಯಾಸವಾಗುತ್ತದೆ. ಹಾಗಾಗಿ ಕಪ್ಪನ್ನು ನೇರ ಹೊಡೆಯುವ ಅಭ್ಯಾಸಕ್ಕೆ ಮಾತ್ರ ಬಳಸಿ. ಚೆಂಡಿನ ಮುಂದೆ 30 ಸೆಂಟಿಮೀಟರ್ ದೂರದಲ್ಲಿ ಎರಡು ಟೀಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ. ನಡುವೆ ಚೆಂಡು ತಾಗದೆ ಹೋದರೆ ದಿಕ್ಕಿನ ತಪ್ಪು ಸುಮಾರು 0.7 ಡಿಗ್ರಿಯೊಳಗೆ ಇದೆ. ಸಮತಟ್ಟಾದ ಗ್ರೀನ್‌ನಲ್ಲಿ ಮೂರು ಮೀಟರ್‌ನಿಂದ ಹೋಲ್‌ಗೆ ಹೋಗಲು ಅಷ್ಟು ಸಾಕು.

ವೇಗದ ಅಭ್ಯಾಸಕ್ಕೆ ಕಪ್ ತೆಗೆದಿಡಿ. ಮೊದಲು ನಿಮ್ಮ ಮ್ಯಾಟ್ ಎಷ್ಟು ವೇಗದ್ದು ಎಂದು ತಿಳಿಯಬೇಕು. ಕೋರ್ಸಿನಲ್ಲಿ ಇದನ್ನು ಸ್ಟಿಂಪ್‌ಮೀಟರ್ ಎಂಬ ಮೂರಡಿ ಉದ್ದದ, ಚೆಂಡು ಉರುಳಲು ತೋಡಿರುವ ಪಟ್ಟಿಯಿಂದ ಅಳೆಯುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರಡಿ ಅಲ್ಯೂಮಿನಿಯಂ ಆ್ಯಂಗಲ್ ತಂದು, ಕೆಳ ತುದಿಯಿಂದ 30 ಇಂಚು ಮೇಲೆ ಗುರುತು ಹಾಕಿ. ಆ ಗುರುತು ನೆಲದಿಂದ ಹತ್ತು ಇಂಚು ಎತ್ತರ ಬರುವಂತೆ ಏನಾದರೂ ಒತ್ತಾಸೆ ಕೊಡಿ. ಗುರುತಿನಿಂದ ಚೆಂಡು ಬಿಟ್ಟು ಎಷ್ಟು ದೂರ ಉರುಳಿತು ಅಳೆಯಿರಿ. ಎರಡೂ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಅದೇ ಆ್ಯಂಗಲನ್ನು, ಅದೇ ಎತ್ತರದಲ್ಲಿ, ನೀವು ಆಡುವ ಕೋರ್ಸಿನ ಪ್ರಾಕ್ಟೀಸ್ ಗ್ರೀನ್ ಮೇಲೂ ಅನುಮತಿ ಕೇಳಿ ಇಟ್ಟು ನೋಡಿ. ಎರಡು ಅಳತೆ ಹತ್ತಿರ ಇದ್ದರೆ ನಿಮ್ಮ ಮ್ಯಾಟ್ ಒಳ್ಳೆಯದು. ತುಂಬಾ ದೂರ ಇದ್ದರೆ ಬೇರೆ ಮ್ಯಾಟ್ ನೋಡಿ, ಇಲ್ಲದಿದ್ದರೆ ಮನೆಯ ಕೈ ಗ್ರೀನ್ ಮೇಲೆ ಸುಳ್ಳು ಹೇಳುತ್ತದೆ.

7. ಕಾಪಾಡಿಕೊಳ್ಳುವುದು

ಮಾನಿಟರನ್ನು ಮಳೆಯಲ್ಲೂ ಬಿಸಿಲಲ್ಲೂ ಬಿಡಬೇಡಿ, ಕೆಲಸ ಮುಗಿದ ಮೇಲೆ ಒಳಗೆ ತನ್ನಿ. ಕ್ಯಾಮೆರಾದ ಗಾಜನ್ನು ಕನ್ನಡಕ ಒರೆಸುವ ಬಟ್ಟೆಯಿಂದಲೇ ಒರೆಸಿ. ಡಿಸ್ಪೆನ್ಸರ್‌ಗೆ ಮಣ್ಣು ಮೆತ್ತಿದ ಚೆಂಡು ಹಾಕಿದರೆ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಕೆಟ್ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ಪಟಿಂಗ್ ಕಪ್ ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ, ಸೋರಿ ಹಾಳಾಗುತ್ತದೆ. ಮ್ಯಾಟಿನ ಒಂದೇ ಜಾಗ ಸವೆದರೆ ಮ್ಯಾಟ್ ತಿರುಗಿಸಿ ಹಾಸಿ. ತಿರುಗಿಸಿದ ದಿನ ರಸಮಟ್ಟ ಮತ್ತೆ ಇಟ್ಟು ನೋಡಿ, ಪೇಂಟ್ ಗುರುತಿನ ಮೇಲೆ ಚೆಂಡು ಸರಿಯಾಗಿ ಕೂರುತ್ತಿದೆಯೇ ಎಂದೂ ನೋಡಿ.